ಕಿವಿ-ಮೂಗಿನ ನಡುವಿನ ನಳಿಕೆ: ಯಾವ ಪರೀಕ್ಷೆಯನ್ನು ಎಷ್ಟು ನಂಬಬಹುದು?

ಕಿವಿಯ ತಮಟೆಯಲ್ಲಿ ತೂತಾದವರು ಆಪರೇಷನ್ನಿಗೆ ಒಪ್ಪುವ ಮೊದಲು ಕೇಳುವುದು ಒಂದೇ ಮಾತು. "ಮಾಡಿಸಿದರೆ ನಿಲ್ಲುತ್ತದಾ ಡಾಕ್ಟ್ರೇ?" ತೂತಿಗೆ ಹಾಕಿದ ಪೊರೆ ನಿಲ್ಲುವುದಕ್ಕೂ ಬಿಡುವುದಕ್ಕೂ ಕಾರಣ ಹಲವು. ತೂತು ಎಷ್ಟು ದೊಡ್ಡದು, ಕಿವಿ ಒಣಗಿದೆಯಾ, ಬೀಡಿ ಸಿಗರೇಟು ಇದೆಯಾ ಎಲ್ಲ ಲೆಕ್ಕಕ್ಕೆ ಬರುತ್ತದೆ. ಆದರೆ ಹೆಚ್ಚಿನವರು ಹೆಸರೇ ಕೇಳಿರದ ಒಂದು ಕಾರಣ ಇದೆ. ಅದು ಯೂಸ್ಟೇಶಿಯನ್ ನಳಿಕೆ.

ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಹೋಗುವ ಸಣ್ಣ ದಾರಿ ಇದು. ದೊಡ್ಡವರಲ್ಲಿ ಸುಮಾರು 36 ಮಿಲಿಮೀಟರ್ ಉದ್ದ. ಸುಮ್ಮನಿರುವಾಗ ಮುಚ್ಚಿಕೊಂಡಿರುತ್ತದೆ. ಉಗುಳು ನುಂಗುವಾಗ, ಆಕಳಿಸುವಾಗ ಅಂಗುಳಿನ ಸ್ನಾಯು ಎಳೆದು ಒಂದು ಕ್ಷಣ ತೆರೆಯುತ್ತದೆ. ಒಳಗಿನ ಗಾಳಿ ಹೊರಗಿನ ಗಾಳಿಗೆ ಸಮ ಆಗುವುದು ಆಗಲೇ. ಒಳಗೆ ಕಫ ಕೂತರೆ ಅದು ಇಳಿದು ಹೋಗುವುದೂ ಇಲ್ಲಿಂದಲೇ. ಇದು ಸರಿ ತೆರೆಯದಿದ್ದರೆ ತಮಟೆ ಒಳಕ್ಕೆ ಸೆಳೆದುಕೊಳ್ಳುತ್ತದೆ, ನೀರು ತುಂಬುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಸೋರುತ್ತದೆ.

ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಬರುವವರ ಕಿವಿಗಳನ್ನು ನೋಡುತ್ತಾ ಈ ನಳಿಕೆಯ ಪರೀಕ್ಷೆಗಳನ್ನು ಒಂದೊಂದಾಗಿ ಬಳಸಿ ನೋಡಿದ್ದೇನೆ. ಎಲ್ಲವೂ "ನಳಿಕೆ ಪರೀಕ್ಷೆ" ಎಂದೇ ಕರೆಸಿಕೊಂಡರೂ ಎಲ್ಲ ಒಂದನ್ನೇ ಅಳೆಯುವುದಿಲ್ಲ. ಗೊಂದಲ ಹುಟ್ಟುವುದೇ ಇಲ್ಲಿ.

ಎಲ್ಲರಿಗೂ ಗೊತ್ತಿರುವುದು ವಾಲ್ಸಾಲ್ವಾ. ಮೂಗು ಹಿಡಿದು, ಬಾಯಿ ಮುಚ್ಚಿ, ಊದುವುದು. ಇಟಲಿಯ ಆಂಟೋನಿಯೋ ವಾಲ್ಸಾಲ್ವಾ 1704ರ ತನ್ನ ಪುಸ್ತಕದಲ್ಲಿ ಇದನ್ನು ಹೇಳಿದ್ದು ಕಿವಿಯ ಕೀವನ್ನು ಹೊರಕ್ಕೆ ತಳ್ಳಲು. ತೂತಿರುವ ಕಿವಿಯಲ್ಲಿ ಗಾಳಿ ಸುಯ್ ಎಂದು ಹೊರಬರುವುದು ಪಕ್ಕದಲ್ಲಿ ಕೂತ ನನಗೂ ಕೇಳಿಸುತ್ತದೆ. ಖರ್ಚಿಲ್ಲ, ಯಂತ್ರ ಬೇಡ. ಆದರೆ ಇದು ಹೇಳುವುದು ಇಷ್ಟೇ: ಜೋರು ಮಾಡಿದರೆ ದಾರಿ ಬಿಡುತ್ತದೆ. ನುಂಗಿದಾಗ ತಾನಾಗಿ ತೆರೆಯುತ್ತದಾ ಎಂದು ಹೇಳುವುದಿಲ್ಲ. ಇನ್ನೊಂದು ಕಡೆ, ಕಿವಿ ಪೂರ್ತಿ ಚೆನ್ನಾಗಿರುವ ಎಷ್ಟೋ ಜನರಿಗೆ ಇದನ್ನು ಮಾಡಲಿಕ್ಕೇ ಬರುವುದಿಲ್ಲ. ನೆಗಡಿ ಇರುವಾಗ ಊದಿದರೆ ಮೂಗಿನ ಕಫ ಕಿವಿಗೆ ಹೋಗಬಹುದು. ತಮಟೆ ತೆಳ್ಳಗಾದವರು ಜೋರಾಗಿ ಊದಲೇಬಾರದು.

ಟಾಯ್ನ್‌ಬಿ ವಿಧಾನದಲ್ಲಿ ಮೂಗು ಹಿಡಿದುಕೊಂಡು ನುಂಗಬೇಕು. ನಳಿಕೆ ನುಂಗುವಾಗ ತೆರೆಯುತ್ತದೆ ಎಂದು ತೋರಿಸಿದ ಲಂಡನ್ನಿನ ಕಿವಿ ವೈದ್ಯ ಜೋಸೆಫ್ ಟಾಯ್ನ್‌ಬಿಯ ಹೆಸರಿನದು. ಇದು ಸಹಜ ಕೆಲಸಕ್ಕೆ ಹತ್ತಿರ. ಹಾಗಾಗಿ ಎರಡರಲ್ಲಿ ನನಗೆ ಇದರ ಮೇಲೆ ಜಾಸ್ತಿ ನಂಬಿಕೆ. ಆದರೆ ಬರಿಗಣ್ಣಿಗೆ ತಮಟೆಯ ಅಲುಗಾಟ ಕಾಣುವುದು ಕಷ್ಟ. ಇದನ್ನು ಟಿಂಪನೋಮೆಟ್ರಿಯ (ಕಿವಿಯಲ್ಲಿ ಒತ್ತಡ ಬದಲಿಸುತ್ತಾ ತಮಟೆ ಎಷ್ಟು ಅಲುಗುತ್ತದೆ ಎಂದು ಗ್ರಾಫ್ ತೆಗೆಯುವ ಪರೀಕ್ಷೆ) ಜೊತೆ ಸೇರಿಸಿದರೆ ಮಾತ್ರ ಬೆಲೆ.

ತಮಟೆ ಇಡಿಯಾಗಿರುವವರಿಗೆ ನಾನು ಮಾಡುವುದು ಅದನ್ನೇ. ಕಿವಿಗೆ ರಬ್ಬರ್ ತುದಿಯ ಪ್ರೋಬ್ ಇಟ್ಟು ಒಂದು ಗ್ರಾಫ್. ಮೂಗು ಹಿಡಿದು ನುಂಗಿಸಿ ಇನ್ನೊಂದು. ಊದಿಸಿ ಮೂರನೆಯದು. ಗ್ರಾಫಿನ ಶಿಖರ, ಅಂದರೆ ತಮಟೆ ಅತಿ ಹೆಚ್ಚು ಅಲುಗುವ ಒತ್ತಡ, ಮೊದಲು ಸೊನ್ನೆಯ ಹತ್ತಿರ, ನುಂಗಿದ ಮೇಲೆ ಎಡಕ್ಕೆ, ಊದಿದ ಮೇಲೆ ಬಲಕ್ಕೆ ಸರಿದರೆ ನಳಿಕೆ ಕೆಲಸ ಮಾಡಿದೆ. ಮೂರೂ ಒಂದೇ ಗೆರೆಯ ಮೇಲೆ ಕೂತರೆ ಅನುಮಾನ. ಬರೇ ಮೊದಲ ಗ್ರಾಫ್ ನೋಡಿ ತೀರ್ಪು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಶಿಖರ ಮೈನಸ್ 100 ಡೆಕಾಪಾಸ್ಕಲ್‌ಗಿಂತ (ಒತ್ತಡದ ಅಳತೆ) ಕೆಳಗೆ ಇದ್ದರೆ ಅದನ್ನು ಸಿ ಮಾದರಿ ಎನ್ನುತ್ತೇವೆ. ಅದು ಇವತ್ತಿನ ಒತ್ತಡವನ್ನು ಹೇಳುತ್ತದೆ, ನಳಿಕೆಯ ಸ್ವಭಾವವನ್ನಲ್ಲ. ಒಂದು ನೆಗಡಿಗೂ ಹಾಗೆ ಬರಬಹುದು. ಗ್ರಾಫ್ ಪೂರ್ತಿ ಚಪ್ಪಟೆ ಬಂದರೆ, ಅಂದರೆ ಒಳಗೆ ನೀರಿದ್ದರೆ, ಈ ಮೂರು ಗ್ರಾಫಿನ ಆಟ ನಡೆಯುವುದೇ ಇಲ್ಲ. ಸರಿಯಲಿಕ್ಕೆ ಶಿಖರವೇ ಇರುವುದಿಲ್ಲ.

ತೂತಿರುವ ಕಿವಿಗೆ ನನ್ನ ಮೊದಲ ಆಯ್ಕೆ ಅದೇ ಯಂತ್ರದ ಇನ್ನೊಂದು ಪರೀಕ್ಷೆ. ಪ್ರೋಬ್ ಬಿಗಿಯಾಗಿ ಕೂರಿಸಿ ಕಿವಿಯೊಳಗೆ ಪ್ಲಸ್ 200 ಡೆಕಾಪಾಸ್ಕಲ್ ಒತ್ತಡ ತುಂಬುತ್ತೇವೆ. ತೂತಿನ ಮೂಲಕ ಅದು ಮಧ್ಯಕಿವಿಗೂ ತಲುಪುತ್ತದೆ. ಆಮೇಲೆ ಒಂದೊಂದೇ ಗುಟುಕು ನೀರು ನುಂಗಿಸುವುದು. ನಳಿಕೆ ತೆರೆದಾಗೆಲ್ಲ ಗೆರೆ ಮೆಟ್ಟಿಲಿನಂತೆ ಇಳಿಯುತ್ತದೆ.

ಅಡಿಕೆ ತೋಟದ ಕೆಲಸಕ್ಕೆ ಹೋಗುವ ಒಬ್ಬ ಅಕ್ಕನ ಗ್ರಾಫ್ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪ್ಲಸ್ ಕಡೆಯಲ್ಲಿ ಮೊದಲ ಗುಟುಕಿಗೇ ಗೆರೆ ಅರ್ಧ ಇಳಿಯಿತು. ಮುಂದಿನ ಎರಡು ಗುಟುಕಿಗೆ ಸೊನ್ನೆಯ ಹತ್ತಿರ ಬಂತು. ಇಷ್ಟಕ್ಕೇ ನಿಲ್ಲಿಸಿದ್ದರೆ "ನಳಿಕೆ ಚೆನ್ನಾಗಿದೆ" ಎಂದು ಬರೆಯಬಹುದಿತ್ತು. ಗಾಳಿ ಹೀರಿ ಮೈನಸ್ 200 ಇಟ್ಟಾಗ ಮಾತ್ರ ಗೆರೆ ಅಲುಗಾಡಲೇ ಇಲ್ಲ. ಲೋಟ ಖಾಲಿಯಾದರೂ ಅಲ್ಲೇ. ಪ್ಲಸ್ ಒತ್ತಡ ನಳಿಕೆಯನ್ನು ಒಳಗಿನಿಂದ ತಳ್ಳಿ ತೆರೆಯಲು ಸಹಾಯ ಮಾಡುತ್ತದೆ. ಮೈನಸ್ ಒತ್ತಡ ಅದನ್ನು ಇನ್ನೂ ಹಿಂಡುತ್ತದೆ. ಅಲ್ಲಿ ತೆರೆಯಬೇಕಾದರೆ ಸ್ನಾಯುವಿಗೇ ಬಲ ಬೇಕು. ಮೈನಸ್ ಕಡೆ ಮಾಡದ ರಿಪೋರ್ಟನ್ನು ನಾನು ಅರ್ಧ ರಿಪೋರ್ಟ್ ಎಂದೇ ನೋಡುತ್ತೇನೆ. ಆ ಅಕ್ಕನಿಗೆ ಆಪರೇಷನ್ ಬೇಡ ಎನ್ನಲಿಲ್ಲ. ತೆಳು ಪೊರೆಯ ಬದಲು ಅವರದೇ ಕಿವಿಯಿಂದ ತೆಗೆದ ಕಾರ್ಟಿಲೇಜ್ (ಮೆದು ಎಲುಬು) ಇಟ್ಟೆ. ಅದು ಒಳಕ್ಕೆ ಸೆಳೆದುಕೊಳ್ಳುವುದು ಕಡಿಮೆ.

ಇದರ ತೊಂದರೆಯೂ ಇದೆ. ಕಿವಿ ಸೋರುತ್ತಿರುವಾಗ ಮಾಡುವ ಹಾಗಿಲ್ಲ. ಪ್ರೋಬ್ ಸ್ವಲ್ಪ ಸಡಿಲವಾದರೂ ಗಾಳಿ ಹೊರಗೆ ಹೋಗಿ ಒತ್ತಡ ಏರುವುದೇ ಇಲ್ಲ. ನಳಿಕೆ ಸದಾ ತೆರೆದೇ ಇರುವವರಲ್ಲೂ ಹಾಗೆಯೇ ಆಗುತ್ತದೆ. ಎರಡನ್ನೂ ಬೇರೆ ಮಾಡಿ ನೋಡಲು ತಾಳ್ಮೆ ಬೇಕು.

ಸ್ಯಾಕರಿನ್ ಪರೀಕ್ಷೆ ಹಳೆಯದು, ಸರಳ. ತೂತಿನ ಮೂಲಕ ಒಳಗೆ ಸ್ವಲ್ಪ ಸ್ಯಾಕರಿನ್ ಎಂಬ ಸಿಹಿ ಪುಡಿ ಇಟ್ಟು, ಗಂಟಲಲ್ಲಿ ಸಿಹಿ ಗೊತ್ತಾದ ಕೂಡಲೇ ಹೇಳಿ ಎನ್ನುವುದು. ಹೊರಗಿನ ಬೆಂಚಿನಲ್ಲಿ ಕೂತ ಅಜ್ಜ ಬಾಗಿಲಲ್ಲಿ ತಲೆ ಹಾಕಿ "ಚೀಪೆ (ಸಿಹಿ) ಆಯಿತು ಡಾಕ್ಟ್ರೇ" ಎಂದರೆ ನಮಗೂ ಖುಷಿ. ಆದರೆ ಇದು ನೋಡುವುದು ಕಫ ಸಾಗಿಸುವ ಕೆಲಸವನ್ನು, ಗಾಳಿ ಸಮ ಮಾಡುವುದನ್ನಲ್ಲ. ಸಿಹಿ ಬೇಗ ಗೊತ್ತಾಗಿ ಒತ್ತಡದ ಪರೀಕ್ಷೆಯಲ್ಲಿ ಸೋತವರನ್ನು ಕಂಡಿದ್ದೇನೆ. ಆ ಎರಡು ಫಲಿತಾಂಶ ಒಂದಕ್ಕೊಂದು ವಿರುದ್ಧವಲ್ಲ. ಮಕ್ಕಳು ಹೇಳುವ ಸಮಯವನ್ನು ನಂಬುವುದು ಕಷ್ಟ. ಸ್ಯಾಕರಿನ್ ಬದಲು ಮೆಥಿಲಿನ್ ಬ್ಲೂ ಎಂಬ ಬಣ್ಣ ಹಾಕಿ, ಎಂಡೋಸ್ಕೋಪಿನಲ್ಲಿ (ಮೂಗಿನ ಒಳಗೆ ನೋಡುವ ದುರ್ಬೀನು) ನೀಲಿ ಇಳಿಯುವುದನ್ನು ನಾವೇ ನೋಡಿದರೆ ರೋಗಿಯ ನಾಲಿಗೆಯನ್ನು ನೆಚ್ಚಬೇಕಾಗಿಲ್ಲ.

ಪ್ರಶ್ನಾವಳಿಯೂ ಒಂದಿದೆ. 2012ರಲ್ಲಿ ಅಮೆರಿಕದಲ್ಲಿ ಬಂದ ಏಳು ಪ್ರಶ್ನೆಗಳದ್ದು, ಪ್ರತಿಯೊಂದಕ್ಕೂ 1ರಿಂದ 7 ಅಂಕ. 14.5 ದಾಟಿದರೆ ನಳಿಕೆಯ ತೊಂದರೆ ಇರಬಹುದು ಎಂದು ಲೆಕ್ಕ. ಚಿಕಿತ್ಸೆಯ ಮೊದಲು, ಆಮೇಲೆ ಹೋಲಿಸಲು ಒಳ್ಳೆಯದು. ರೋಗ ಹಿಡಿಯಲು ಸಾಲದು. ದವಡೆ ಕೀಲಿನ ನೋವಿಗೂ ಕಿವಿ ಕಟ್ಟಿದಂತೆ ಅನ್ನಿಸುತ್ತದೆ. ನಾನು ಬಾಯಿಮಾತಿನಲ್ಲಿ ಕನ್ನಡಕ್ಕೋ ಮಲಯಾಳಕ್ಕೋ ತಿರುಗಿಸಿ ಕೇಳುವಾಗ ಅಂಕಕ್ಕೆ ಮತ್ತೂ ಬೆಲೆ ಕಡಿಮೆ.

ಎಂಡೋಸ್ಕೋಪಿಯನ್ನು ಮಾತ್ರ ನಾನು ಯಾರಿಗೂ ಮಾಡದೆ ಬಿಡುವುದಿಲ್ಲ. ಅದು ನಳಿಕೆಯ ಕೆಲಸವನ್ನು ಅಳೆಯುವುದಿಲ್ಲ, ಕಾರಣ ತೋರಿಸುತ್ತದೆ. ಮಕ್ಕಳಲ್ಲಿ ಅಡಿನಾಯ್ಡ್ (ಮೂಗಿನ ಹಿಂದಿನ ಮಾಂಸದ ಗಂಟು) ಬೆಳೆದು ನಳಿಕೆಯ ಬಾಯಿಗೆ ಅಡ್ಡ ಕೂತಿರುತ್ತದೆ. ಸೈನಸ್ಸಿನ ಕೀವು ನಳಿಕೆಯ ಬಾಯಿಯ ಮೇಲೆಯೇ ಹರಿಯುತ್ತಿರುತ್ತದೆ. ದೊಡ್ಡವರಲ್ಲಿ ಒಂದೇ ಕಿವಿಯಲ್ಲಿ ನೀರು ತುಂಬಿದರೆ ಮೂಗಿನ ಹಿಂದೆ ಗಡ್ಡೆ ಇಲ್ಲ ಎಂದು ಕಣ್ಣಾರೆ ನೋಡಲೇಬೇಕು. ಅಲ್ಲಿನ ಕ್ಯಾನ್ಸರ್ ಎಷ್ಟೋ ಸಲ ಮೊದಲು ಕಾಣಿಸಿಕೊಳ್ಳುವುದು ಹೀಗೆಯೇ.

ನಮ್ಮ ಕಡೆ ಇನ್ನೊಂದು ಸೇರಿಸುತ್ತೇನೆ. ಬಾಯಿ ಎಷ್ಟು ತೆರೆಯುತ್ತದೆ ಎಂದು ನೋಡುತ್ತೇನೆ. ಅಡಿಕೆ, ಗುಟ್ಕಾ ವರ್ಷಗಟ್ಟಲೆ ಜಗಿದು ಬಾಯಿ ಬಿಗಿದವರಲ್ಲಿ ಅಂಗುಳಿನ ಸ್ನಾಯುವೂ ಬಿಗಿಯುತ್ತದೆ. ನಳಿಕೆ ತೆರೆಯಬೇಕಾದದ್ದು ಅದೇ ಸ್ನಾಯು. ಅಂಥವರ ಗ್ರಾಫ್ ಕೆಟ್ಟದಿದ್ದರೆ ಬರೇ ಮೂಗಿಗೆ ಸ್ಪ್ರೇ ಕೊಟ್ಟು ಕಳಿಸುವುದರಲ್ಲಿ ಅರ್ಥ ಇಲ್ಲ.

ಟ್ಯೂಬೋಮ್ಯಾನೋಮೆಟ್ರಿಯನ್ನು ದೊಡ್ಡ ಊರಿನ ಕಾರ್ಯಾಗಾರದಲ್ಲಿ ಮಾಡಿ ನೋಡಿದ್ದೇನೆ. ನುಂಗುವ ಹೊತ್ತಿಗೆ ಸರಿಯಾಗಿ ಮೂಗಿಗೆ 30, 40, 50 ಮಿಲಿಬಾರ್ ಒತ್ತಡದ ಗಾಳಿ ಬಿಟ್ಟು, ಕಿವಿಗೆ ಅದು ಎಷ್ಟು ಬೇಗ ತಲುಪಿತು ಎಂದು ಅಳೆಯುವುದು. ತಮಟೆ ಇಡಿಯಾಗಿದ್ದರೂ ತೂತಿದ್ದರೂ ನಡೆಯುತ್ತದೆ. ಒಳ್ಳೆಯ ಉಪಾಯ. ಆದರೂ ಗಾಳಿ ಹೊರಗಿನಿಂದ ತಳ್ಳಿದ್ದೇ. ನಮ್ಮಂಥ ಸಣ್ಣ ಕ್ಲಿನಿಕ್ಕಿಗೆ ಅದರ ಖರ್ಚು ಹೊರೆ.

ಗಲ್ಫಿಗೆ ಹೋಗಿ ಬರುವವರದ್ದು ಬೇರೆಯೇ ಕತೆ. ವಿಮಾನ ಇಳಿಯುವಾಗ ಕಿವಿ ಕಟ್ಟಿ ಜೀವ ಹೋದಂತಾಗುತ್ತದೆ. ನನ್ನ ಮುಂದೆ ಕೂತಾಗ ಎಲ್ಲ ಗ್ರಾಫೂ ಸರಿ. ಒತ್ತಡ ಬದಲಾಗುವಾಗ ಮಾತ್ರ ಸೋಲುವ ಈ ಬಗೆಯನ್ನು 2015ರ ತಜ್ಞರ ಒಮ್ಮತದ ಹೇಳಿಕೆಯಲ್ಲೂ ಬೇರೆಯಾಗಿ ಹೆಸರಿಸಿದ್ದಾರೆ. ಅಲ್ಲಿ ರೋಗಿಯ ಮಾತೇ ಪರೀಕ್ಷೆ. ಗ್ರಾಫ್ ಸರಿ ಇದೆ ಎಂದು "ನಿಮಗೇನೂ ಇಲ್ಲ" ಎನ್ನಬಾರದು.

ಪರೀಕ್ಷೆ ಮಾಡಿಸುವವರಿಗೆ ಒಂದು ಮಾತು. ಮಳೆಗಾಲದ ನೆಗಡಿಯಲ್ಲಿ ಬಂದ ರಿಪೋರ್ಟ್ ಹಿಡಿದುಕೊಂಡು ಆಪರೇಷನ್ ತೀರ್ಮಾನ ಮಾಡಬೇಡಿ. ನೆಗಡಿ ಇಳಿದು ಕಿವಿ ಒಣಗಿದ ಮೇಲೆ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ. ಬರುವಾಗ ಹಳೆಯ ಗ್ರಾಫನ್ನೂ ತನ್ನಿ, ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು.