ಗ್ಲ್ಯಾಂಡ್, ಲಿಪ್ ಸೀಲ್, ಫೇಸ್ ಸೀಲ್: ನಮ್ಮ ನೀರಿಗೆ ಯಾವುದು ಒಗ್ಗುತ್ತದೆ?

ಒಳಗೆ ಡೀಸೆಲ್ ಇಂಜಿನ್ ಕೂರಿಸಿದ ಬೋಟ್ ಅಂದರೆ ತಳದಲ್ಲಿ ಒಂದು ತೂತು ಇರಲೇಬೇಕು. ಶಾಫ್ಟ್ ಅದರ ಮೂಲಕ ಹೊರಗೆ ಹೋಗಿ ಬೋಟನ್ನು ತಳ್ಳುವ ಫ್ಯಾನ್ (ಪ್ರೊಪೆಲ್ಲರ್) ತಿರುಗಿಸುತ್ತದೆ. ತಿರುಗುವ ಶಾಫ್ಟಿನ ಸುತ್ತ ನೀರು ಒಳಗೆ ನುಗ್ಗದಂತೆ ನೋಡಿಕೊಳ್ಳುವುದು ಸೀಲಿನ ಕೆಲಸ. ಔಟ್‌ಬೋರ್ಡ್, ಅಂದರೆ ಬೋಟಿನ ಹಿಂದೆ ಹೊರಗೆ ತೂಗುವ ಇಂಜಿನ್, ಇರುವವರಿಗೆ ಈ ತಲೆನೋವಿಲ್ಲ. ಅವರ ಗೇರ್ ಆಯಿಲ್ ಬಿಳಿಚಿಕೊಂಡರೆ ಗೇರ್‌ಬಾಕ್ಸಿಗೆ ನೀರು ಸೇರಿದೆ ಅಂತ ಲೆಕ್ಕ. ಹೆಚ್ಚಾಗಿ ಫ್ಯಾನಿನ ಹಿಂದೆ ಬಲೆಯ ನೂಲು ಸುತ್ತಿ ಸೀಲ್ ಕತ್ತರಿಸಿರುತ್ತದೆ. ಅದು ಬೇರೆ ಕಥೆ.

ಮಂಜೇಶ್ವರದಲ್ಲಿ ನಮ್ಮದೊಂದು ಮರದ ಮೀನಿನ ಬೋಟ್ ಇದೆ. ಅದಕ್ಕೆ ಹಳೇ ಕಾಲದ ಗ್ಲ್ಯಾಂಡ್. ನೀಲೇಶ್ವರದ ನಮ್ಮ ಭಾವ ವಲಿಯಪರಂಬದ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಿಸುವ ಫೈಬರ್ ಬೋಟ್ ಇಟ್ಟಿದ್ದಾರೆ. ಅದಕ್ಕೆ ಮೊದಲು ಲಿಪ್ ಸೀಲ್ ಹಾಕಿದೆವು, ಆಮೇಲೆ ಫೇಸ್ ಸೀಲ್. ಮೂರನ್ನೂ ನಾನೇ ಕೈಯಾರೆ ಬಿಚ್ಚಿ ಕಟ್ಟಿದ್ದೇನೆ. ಹಾಗಾಗಿ ಅಂಗಡಿಯವರು ಹೇಳುವುದಕ್ಕಿಂತ ಸ್ವಲ್ಪ ಬೇರೆ ಮಾತು ನನ್ನದು. ಯಾವ ಸೀಲ್ ಚೆನ್ನಾಗಿ ನೀರು ತಡೆಯುತ್ತದೆ ಅಂತ ಕೇಳಬೇಡಿ. ಕೈಕೊಡುವಾಗ ಅದು ಹೇಗೆ ಕೈಕೊಡುತ್ತದೆ ಅಂತ ಕೇಳಿ.

ಗ್ಲ್ಯಾಂಡಿನಿಂದ ಶುರು ಮಾಡೋಣ. ಕಂಚಿನ ಪೆಟ್ಟಿಗೆ, ಒಳಗೆ ಮೂರೋ ನಾಲ್ಕೋ ಸುತ್ತು ಪ್ಯಾಕಿಂಗ್ ಹಗ್ಗ, ಮೇಲಿನಿಂದ ಒತ್ತುವ ತುಂಡು, ಎರಡು ಬೋಲ್ಟ್. ಅಷ್ಟೇ. ಇದು ತೊಟ್ಟಿಕ್ಕಲೇಬೇಕು. ಓಡುವಾಗ ನಿಮಿಷಕ್ಕೆ ಎರಡು ಮೂರು ಹನಿ ಬಿದ್ದರೆ ಸರಿ. ಆ ನೀರೇ ಹಗ್ಗವನ್ನು ತಂಪಾಗಿಡುತ್ತದೆ. ಹನಿ ಕಂಡ ಕೂಡಲೇ ಸ್ಪ್ಯಾನರ್ ಹಿಡಿದು ಬಿಗಿಯುವವರೇ ಜಾಸ್ತಿ. ಪೂರ್ತಿ ನಿಲ್ಲಿಸಿದರೆ ಹಗ್ಗ ಬಿಸಿಯಾಗಿ ಗಟ್ಟಿಯಾಗುತ್ತದೆ, ಶಾಫ್ಟಿನಲ್ಲಿ ಗೀರು ಬೀಳುತ್ತದೆ. ಗೀರು ಬಿದ್ದ ಶಾಫ್ಟಿಗೆ ಹೊಸ ಹಗ್ಗ ಹಾಕಿದರೂ ಸೋರಿಕೆ ನಿಲ್ಲದು. ಬಂದರಿಗೆ ಬಂದ ಮೇಲೆ ಪೆಟ್ಟಿಗೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅಡ್ಡಿಯಿಲ್ಲ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಸಡಿಲಿಸಿ. ಬಿಗಿಯುವಾಗಲೂ ನಟ್ಟಿನ ಆರು ಮುಖದಲ್ಲಿ ಒಂದು ಮುಖದಷ್ಟೇ ತಿರುಗಿಸಿ, ಸ್ವಲ್ಪ ಓಡಿಸಿ, ಮತ್ತೆ ನೋಡಿ. ಎರಡೂ ಬೋಲ್ಟ್ ಸಮ ಇರಬೇಕು. ಒಂದು ಕಡೆ ಜಾಸ್ತಿಯಾದರೆ ಒತ್ತುವ ತುಂಡು ಓರೆಯಾಗಿ ಶಾಫ್ಟಿಗೇ ಉಜ್ಜುತ್ತದೆ.

ಹಗ್ಗದ ದಪ್ಪಕ್ಕೆ ಲೆಕ್ಕ ಸುಲಭ. ಪೆಟ್ಟಿಗೆಯ ಒಳ ಅಳತೆಯಿಂದ ಶಾಫ್ಟಿನ ಅಳತೆ ಕಳೆದು ಅರ್ಧ ಮಾಡಿ. 50 ಮಿ.ಮೀ. ಪೆಟ್ಟಿಗೆಗೆ 38 ಮಿ.ಮೀ. ಶಾಫ್ಟ್ ಇದ್ದರೆ 6 ಮಿ.ಮೀ. ಹಗ್ಗ. ಒಂದೊಂದು ಸುತ್ತನ್ನೂ ಬೇರೆ ಬೇರೆ ತುಂಡು ಮಾಡಿ, ತುದಿ ಓರೆಯಾಗಿ ಕತ್ತರಿಸಿ, ಜೋಡಣೆಗಳು ಒಂದೇ ಸಾಲಿನಲ್ಲಿ ಬಾರದಂತೆ ಕೂರಿಸಬೇಕು. ಉದ್ದದ ಹಗ್ಗವನ್ನೇ ಸುರುಳಿ ಸುತ್ತಿ ತುರುಕುವ ಅಭ್ಯಾಸ ಕೆಲವರಿಗಿದೆ. ನೀರು ಆ ಸುರುಳಿಯ ದಾರಿಯಲ್ಲೇ ಒಳಗೆ ಬರುತ್ತದೆ, ಅಲ್ವಾ? ಹಳೇ ಹಗ್ಗವನ್ನು ಬುಡದ ತನಕ ತೆಗೆಯದೆ ಮೇಲೆ ಹೊಸದು ಸೇರಿಸುವುದೂ ಸುಮ್ನೆ ದಂಡ. ಗ್ರಾಫೈಟ್ ಹಚ್ಚಿದ ಹಗ್ಗ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ಉಪ್ಪುನೀರಿನಲ್ಲಿ ಗ್ರಾಫೈಟ್ ಶಾಫ್ಟಿನ ಲೋಹವನ್ನು ತಿನ್ನುತ್ತದೆ. ಟೆಫ್ಲಾನ್ ಹಚ್ಚಿದ ನಾರಿನ ಹಗ್ಗ ಒಳ್ಳೆಯದು.

ಗ್ಲ್ಯಾಂಡಿನ ದೊಡ್ಡ ಗುಣ ಅಂದರೆ ಅದು ಹಾಳಾಗುವಾಗ ಹೇಳಿ ಹಾಳಾಗುತ್ತದೆ. ಹನಿ ಹೆಚ್ಚುತ್ತದೆ, ಆಮೇಲೆ ಸಣ್ಣ ಧಾರೆ. ಒಂದು ಸ್ಪ್ಯಾನರ್ ಇದ್ದರೆ ದಡ ಸೇರಬಹುದು. ಮಳೆಗಾಲ ಮುಗಿಯುವ ಹೊತ್ತಿಗೆ ಅಳಿವೆ ಬಾಗಿಲಿನ ನೀರಿನಲ್ಲಿ ಹೊಯಿಗೆ, ಹೂಳು ವಿಪರೀತ. ಅದನ್ನೂ ಹಗ್ಗ ಸಹಿಸಿಕೊಳ್ಳುತ್ತದೆ.

ಲಿಪ್ ಸೀಲ್ ರಬ್ಬರಿನದು. ಒಳಗಿನ ತುಟಿ ಶಾಫ್ಟಿಗೆ ಒತ್ತಿಕೊಂಡು ಕೂರುತ್ತದೆ. ಹನಿ ಬೀಳುವುದಿಲ್ಲ, ಬಿಲ್ಜ್ (ನೀರು ನಿಲ್ಲುವ ಬೋಟಿನ ಒಳತಳ) ಒಣಗಿಯೇ ಇರುತ್ತದೆ. ಹಾಕಿದ ಹೊಸದರಲ್ಲಿ ಭಾವ ಫೋನ್ ಮಾಡಿ, "ಬಿಲ್ಜಲ್ಲಿ ಧೂಳು ಕೂತಿದೆ ನೋಡಿ ಭಾವ" ಅಂದಿದ್ದರು. ಪ್ರವಾಸಿಗರ ಬೋಟಿಗೆ ಇದು ದೊಡ್ಡ ವಿಷಯ. ಬಿಲ್ಜಿನ ಕೊಳೆತ ನೀರಿನ ವಾಸನೆ ಯಾರಿಗೆ ಬೇಕು? ಆದರೆ ಎರಡು ಕೆಲಸ ಮರೆಯಬಾರದು. ಬೋಟ್ ನೀರಿಗಿಳಿದ ಪ್ರತಿಸಲ ರಬ್ಬರನ್ನು ಕೈಯಲ್ಲಿ ಹಿಂಡಿ ಒಳಗಿನ ಗಾಳಿ ಬಿಡಬೇಕು, ನಾಲ್ಕು ಹನಿ ನೀರು ಬರುವ ತನಕ. ಇಲ್ಲದಿದ್ದರೆ ತುಟಿ ಒಣಗಿಯೇ ಓಡಿ ಸುಡುತ್ತದೆ. ವರ್ಷಕ್ಕೊಮ್ಮೆ ನೀರಿಗೆ ಕರಗದ ಗ್ರೀಸ್ ಸ್ವಲ್ಪ ಕೊಡಬೇಕು. ಅಷ್ಟು ಮಾಡಿದರೂ ಹಿನ್ನೀರಿನ ಕೆಸರು ತುಟಿಯ ಅಡಿಗೆ ಸೇರಿ ಶಾಫ್ಟಿನಲ್ಲಿ ಸಣ್ಣ ತೋಡು ಕೊರೆಯಿತು. ಹೊಸ ಸೀಲನ್ನು ಅದೇ ಜಾಗದಲ್ಲಿ ಕೂರಿಸಿದರೆ ಮತ್ತೆ ಸೋರುತ್ತದೆ, ಕೆಲವು ಮಿಲಿಮೀಟರ್ ಆಚೀಚೆ ಸರಿಸಬೇಕು. ಇನ್ನೊಂದು ಕಷ್ಟ: ಬದಲಿಸಲು ಇಂಜಿನ್ ಕಡೆಗೂ ಶಾಫ್ಟಿಗೂ ಜೋಡಣೆ ಕೊಡುವ ಕಪ್ಲಿಂಗ್ ಬಿಚ್ಚಲೇಬೇಕು. ಉಪ್ಪು ಹಿಡಿದ ಕಪ್ಲಿಂಗ್ ಬಿಚ್ಚಿದವರಿಗೇ ಗೊತ್ತು ಅದರ ಪಾಡು.

ಫೇಸ್ ಸೀಲಿನ ಲೆಕ್ಕವೇ ಬೇರೆ. ಶಾಫ್ಟಿಗೆ ಬಿಗಿದ ಸ್ಟೀಲ್ ಉಂಗುರ, ಅದರ ಮುಖಕ್ಕೆ ಒತ್ತಿಕೊಂಡ ಕಾರ್ಬನ್ ಉಂಗುರ, ಹಿಂದಿನಿಂದ ಒತ್ತುವ ರಬ್ಬರ್ ಬೆಲ್ಲೋಸ್ (ಮಡಿಕೆ ಮಡಿಕೆಯಾದ ಕೊಳವೆ). ಶಾಫ್ಟನ್ನು ಏನೂ ಉಜ್ಜದ ಕಾರಣ ಅದು ಸವೆಯದು. ಮೊದಲ ಕೆಲವು ಗಂಟೆ ಕಪ್ಪು ಪುಡಿ ಕಂಡರೆ ಹೆದರಬೇಡಿ, ಮುಖಗಳು ಒಂದಕ್ಕೊಂದು ಹೊಂದಿಕೊಳ್ಳುತ್ತಿವೆ. ಬೋಟ್ ಸುಮ್ಮನೆ ಕಟ್ಟಿಟ್ಟಿದ್ದು ಹೊರಡುವಾಗ ಸೋರಿದರೆ ಹೆಚ್ಚಾಗಿ ಮುಖಗಳ ನಡುವೆ ಕಸ ಕೂತಿರುತ್ತದೆ. ಇಂಜಿನ್ ನಿಲ್ಲಿಸಿ, ಬೆಲ್ಲೋಸ್ ಹಿಂದಕ್ಕೆ ಎಳೆದು ಒಂದೆರಡು ಕ್ಷಣ ನೀರು ಹರಿಯಲು ಬಿಟ್ಟರೆ ತೊಳೆದುಹೋಗುತ್ತದೆ.

ಓಡುವ ದಿನಗಳಲ್ಲಿ ಇದರಷ್ಟು ಸುಖ ಬೇರೆ ಯಾವುದರಲ್ಲೂ ಕಾಣಲಿಲ್ಲ. ಭಯ ಇರುವುದು ಬೇರೆ ಕಡೆ. ಸ್ಟೀಲ್ ಉಂಗುರವನ್ನು ಹಿಡಿದಿರುವುದು ಪುಟ್ಟ ಸ್ಕ್ರೂಗಳು. ಅವು ಸಡಿಲಾದರೆ ಉಂಗುರ ಜಾರುತ್ತದೆ, ಮುಖಗಳು ಬೇರೆಯಾಗುತ್ತವೆ. ಬೆಲ್ಲೋಸ್ ಹರಿದರೂ ಅದೇ ಕಥೆ. ಹನಿಯ ಮುನ್ಸೂಚನೆ ಇಲ್ಲ, ನೀರು ನೇರ ನುಗ್ಗುತ್ತದೆ. ಒಮ್ಮೆ ಬಿಚ್ಚಿದ ಸ್ಕ್ರೂ ಮತ್ತೆ ಹಾಕಬಾರದು, ಹೊಸದೇ ಬೇಕು. ಬೆಲ್ಲೋಸ್ ನೋಡಲು ಚೆನ್ನಾಗಿದ್ದರೂ ತಯಾರಕರು ಹೇಳಿದ ವರ್ಷಕ್ಕೆ ಬದಲಿಸಬೇಕು. ಉಂಗುರದ ಹಿಂದೆ ಶಾಫ್ಟಿಗೊಂದು ಕ್ಲ್ಯಾಂಪ್ ಹಾಕಿಟ್ಟರೆ ಸ್ಕ್ರೂ ಸಡಿಲಾದರೂ ಉಂಗುರ ಜಾರದು. ಭಾವನ ಬೋಟಿಗೆ ಹಾಗೆ ಮಾಡಿದ್ದೇವೆ.

ಮೂರಕ್ಕೂ ಸೇರಿದ ಮಾತೊಂದಿದೆ. ಸೀಲ್ ಪದೇ ಪದೇ ಹೋಗುತ್ತಿದ್ದರೆ ಸೀಲನ್ನು ಬೈಯಬೇಡಿ. ಫ್ಯಾನ್ ಹತ್ತಿರ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಆಟ ಇದ್ದರೆ ರಬ್ಬರ್ ಬೇರಿಂಗ್ ಸವೆದಿದೆ. ಆಮೇಲೆ ಕಪ್ಲಿಂಗ್ ಬಿಚ್ಚಿ, ಅದರ ಎರಡು ಮುಖಗಳ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ. ನಾಲ್ಕು ಇಂಚಿನ ಕಪ್ಲಿಂಗಿಗೆ ಸುತ್ತ ಎಲ್ಲೂ 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇಂಜಿನ್, ಶಾಫ್ಟ್ ಒಂದೇ ನೇರದಲ್ಲಿವೆಯೇ ಅನ್ನುವ ಈ ಅಲೈನ್‌ಮೆಂಟನ್ನು ಬೋಟ್ ನೀರಿನಲ್ಲಿರುವಾಗಲೇ ನೋಡಬೇಕು. ನಮ್ಮಲ್ಲಿ, ಅಂದರೆ ಕೇರಳದಲ್ಲಿ, ಮಳೆಗಾಲದ ಟ್ರಾಲಿಂಗ್ (ಬಲೆ ಎಳೆದು ಮೀನು ಹಿಡಿಯುವ) ನಿಷೇಧ ಜೂನ್ 9ರ ನಡುರಾತ್ರಿಯಿಂದ 52 ದಿನ. ಗಡಿಯಾಚೆ ಮಂಗಳೂರಲ್ಲಿ ಜೂನ್ 1ರಿಂದಲೇ, 61 ದಿನ. ಅಷ್ಟು ದಿನ ದಡದಲ್ಲಿದ್ದ ಮರದ ಬೋಟ್ ನೀರಿಗಿಳಿದರೆ ಹಲಗೆ ಉಬ್ಬಿ ಆಕಾರ ಸ್ವಲ್ಪ ಬದಲಾಗುತ್ತದೆ. ದಡದಲ್ಲೇ ಅಲೈನ್‌ಮೆಂಟ್ ಮಾಡಿ ಮುಗಿಸುವ ಮೆಕ್ಯಾನಿಕ್‌ಗೆ ದುಡ್ಡು ಕೊಡಬೇಡಿ.

ಕಡಲಿಗೆ ಹೋಗುವ ಮರದ ಬೋಟಿಗೆ ನನ್ನ ಓಟು ಗ್ಲ್ಯಾಂಡಿಗೇ. ಹಗ್ಗ ಮಂಗಳೂರು ಬಂದರಿನಲ್ಲಿ ಸಿಗುತ್ತದೆ, ಕಪ್ಲಿಂಗ್ ಬಿಚ್ಚದೆ ಬದಲಿಸಬಹುದು. ಹಿನ್ನೀರಿನ ಫೈಬರ್ ಬೋಟಿಗೆ, ಅಲೈನ್‌ಮೆಂಟ್ ಸರಿಯಿದ್ದು ದಿನಾ ಬಗ್ಗಿ ನೋಡುವವರಿದ್ದರೆ, ಫೇಸ್ ಸೀಲ್. ಲಿಪ್ ಸೀಲ್ ಕೆಸರಿಲ್ಲದ ನೀರಿಗೆ ಇರಲಿ. ಯಾವುದೇ ಹಾಕಿದರೂ ಒಂದು ತುಂಡು ರಬ್ಬರ್ ಶೀಟ್, ಎರಡು ದೊಡ್ಡ ಹೋಸ್ ಕ್ಲಿಪ್ ಇಂಜಿನ್ ಪಕ್ಕದಲ್ಲೇ ಇಟ್ಟುಕೊಳ್ಳಿ. ನೀರು ನುಗ್ಗಿದಾಗ ಇಂಜಿನ್ ನಿಲ್ಲಿಸಿ, ಆ ಶೀಟನ್ನು ಸೀಲಿಗೆ ಶಾಫ್ಟ್ ಸಮೇತ ಸುತ್ತಿ ಬಿಗಿದರೆ ಪಂಪ್ ತಡೆದುಕೊಳ್ಳುವಷ್ಟಕ್ಕೆ ಇಳಿಯುತ್ತದೆ. ಆಮೇಲೆ ಇಂಜಿನ್ ಹಾಕದೆ, ಇನ್ನೊಂದು ಬೋಟಿನವರನ್ನು ಕರೆದು ಎಳೆಸಿಕೊಂಡು ಬನ್ನಿ.