ದೂಳಿಗೆ ಬೇರೆ, ಉಪ್ಪಿಗೆ ಬೇರೆ: ನಾನು ಹೋದ ಇಂಗ್ಲಿಷ್ ಕ್ಲಾಸ್

ಕಲಬುರಗಿಯ ನೆಹರೂ ಗಂಜ್ ಹತ್ತಿರ ಒಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಬೇರೆ ಊರಿನ ಖರೀದಿದಾರರ ಮೇಲ್‌ಗೆ ಉತ್ತರ ಕೊಡುವ ಕೆಲಸವೂ ನನ್ನ ತಲೆಗೇ ಬಂದಿದೆ. ಹೋದ ವರ್ಷ ಒಬ್ಬರು, ನಿಮ್ಮ ತೊಗರಿಬೇಳೆಯಲ್ಲಿ ‘ಫಾರಿನ್ ಮ್ಯಾಟರ್’ ಜಾಸ್ತಿ ಇದೆ ಎಂದು ಬರೆದರು. ನಮ್ಮ ಮಾಲು ದೇಶ ಬಿಟ್ಟು ಹೋಗಿಯೇ ಇಲ್ಲ, ಇದೇನಪ್ಪಾ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಬೇಳೆಯ ಜೊತೆ ಬಂದ ಕಸಕಡ್ಡಿ, ಮಣ್ಣು, ಕಲ್ಲಿಗೆ ಹಾಗನ್ನುತ್ತಾರೆ. ಗೊತ್ತಾದ ಮೇಲೂ ‘ಡಸ್ಟ್ ಪೀಸಸ್’ ತೆಗೆಸುತ್ತೇವೆ ಎಂದು ಉತ್ತರ ಬರೆದೆ. ದೂಳಿಗೆ ಇಂಗ್ಲಿಷಿನಲ್ಲಿ ‘ಪೀಸ್’ ಅನ್ನುವುದಿಲ್ಲ ಎಂದು ಸಾಹುಕಾರರ ಮಗ ಓದಿ ನಕ್ಕ.

ಆ ಸಿಟ್ಟಿಗೇ ಒಂದು ಸಂಜೆ ಕ್ಲಾಸಿಗೆ ಸೇರಿದೆ. ಹೆಸರು ಬೇಡ, ಕೊನೆಗೆ ಸ್ವಲ್ಪ ಬೈಯುವುದಿದೆ. ತಿಂಗಳಿಗೆ 1,200 ರೂಪಾಯಿ. ಇಲ್ಲಿ ವ್ಯಾಕರಣ ಕಡಿಮೆ, ಯಾವ ಪದದ ಜೊತೆ ಯಾವ ಪದ ಬರುತ್ತದೆ ಎನ್ನುವುದೇ ಜಾಸ್ತಿ. ಮೊದಲ ವಾರ ಪೂರ್ತಿ ಪುಡಿ, ಚೂರು, ದೂಳು. “ದೂಳಿನ ಹೆಸರು ಕಲೀಲಿಕ್ಕ ರೊಕ್ಕ ಕೊಟ್ಟು ಹೋಗ್ತೀರಿ?” ಅಂದಳು ನನ್ನಾಕೆ.

ಆದರೆ ಆ ವಾರವೇ ಎಲ್ಲಕ್ಕಿಂತ ಚೆನ್ನಾಗಿತ್ತು. ಮೇಡಂ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಉಪ್ಪು ಸುರಿದರು. ಒಂದು ಹರಳು ತೋರಿಸಿ ‘ಗ್ರೇನ್ ಆಫ್ ಸಾಲ್ಟ್’ ಅಂದರು. ಎರಡು ಬೆರಳಲ್ಲಿ ಎತ್ತಿದರೆ ‘ಪಿಂಚ್’. ಚಹಾದ ಜೊತೆ ತಿಂದ ಟೋಸ್ಟಿನಿಂದ ಉದುರಿದ್ದು ‘ಕ್ರಂಬ್’. ಗೋಡೆಯಿಂದ ಕಿತ್ತುಬಂದ ಬಣ್ಣದ ಪದರು ‘ಫ್ಲೇಕ್’. ಅದನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿರಲಿಲ್ಲ, ಆ ಕೋಣೆಯ ಗೋಡೆಯೇ ಸಾಕಿತ್ತು. ನನ್ನ ಚಷ್ಮಾ ತೆಗೆಸಿ ‘ಸ್ಪೆಕ್ ಆಫ್ ಡಸ್ಟ್’ ತೋರಿಸಿದರು. ಹಾಗಾಗಿ ಸ್ಪೆಕ್ಸ್ ಮೇಲಿನ ಸ್ಪೆಕ್ ನನಗೆ ಇನ್ನು ಮರೆಯುವುದಿಲ್ಲ.

ಯಾಕೆ ಹೀಗೆ ಬೇರೆ ಬೇರೆ ಎಂದು ಒಬ್ಬರು ಕೇಳಿದರು. ಮೇಡಂ ತಿರುಗಿ ಕೇಳಿದರು: ನೀವು ಅನ್ನದ ಕಾಳು ಅಂತೀರಾ? ಇಲ್ಲ, ಅಗಳು ಅನ್ನುತ್ತೇವೆ. ಜೋಳಕ್ಕೆ ಅಗಳು ಅನ್ನುವುದಿಲ್ಲ. ನಮ್ಮ ಮಿಲ್ಲಿನಲ್ಲೂ ಅಷ್ಟೇ. ಹೊಟ್ಟು ಬೇರೆ, ನುಚ್ಚು ಬೇರೆ. ಒಂದರ ಚೀಲ ಇನ್ನೊಂದರ ಲೆಕ್ಕದಲ್ಲಿ ಬರೆದರೆ ಹಮಾಲರೇ ನಗುತ್ತಾರೆ. ಇಂಗ್ಲಿಷಿನವರು ಅಕ್ಕಿಗೂ ಅನ್ನಕ್ಕೂ ‘ಗ್ರೇನ್ ಆಫ್ ರೈಸ್’ ಅಂತಲೇ ಹೇಳುತ್ತಾರೆ. ಅಲ್ಲಿ ನಾವೇ ಮುಂದೆ, ಅಲ್ವಾ?

‘ಪಾರ್ಟಿಕಲ್’ ಅಂದರೆ ಕಣ ಎಂದಾಗ ಜೇವರ್ಗಿ ಕಡೆಯ ಹುಡುಗನೊಬ್ಬ ರಾಶಿ ಮಾಡುವ ಕಣ ಎಂದುಕೊಂಡು ಕಕ್ಕಾಬಿಕ್ಕಿಯಾದ. ನಾನು ‘ಮಿನಿಟ್ ಪಾರ್ಟಿಕಲ್ಸ್’ ಎಂದು ಓದಿ ಸಿಕ್ಕಿಬಿದ್ದೆ. ಬರೆಯುವುದು ಗಡಿಯಾರದ ಮಿನಿಟ್‌ನಂತೆಯೇ, ಓದುವುದು ‘ಮೈನ್ಯೂಟ್’, ಅರ್ಥ ತೀರಾ ಸಣ್ಣದು. ‘ಫೈನ್ ಪಾರ್ಟಿಕಲ್ಸ್’ ಅಂದರೂ ಒಳ್ಳೆಯ ಕಣಗಳಲ್ಲ, ನುಣ್ಣನೆಯವು. ಗಾಳಿಯಲ್ಲಿ ತೇಲುವವು ‘ಏರ್‌ಬೋರ್ನ್’. ಪಿಎಂ 2.5 ಎಂದು ಸುದ್ದಿಯಲ್ಲಿ ಬರುತ್ತದಲ್ಲ, ಅದರಲ್ಲಿ ಪಿಎಂ ಅಂದರೆ ‘ಪಾರ್ಟಿಕ್ಯುಲೇಟ್ ಮ್ಯಾಟರ್’. 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳು. ತಲೆಕೂದಲಿನ ದಪ್ಪದಲ್ಲಿ ಸುಮಾರು 30ನೇ ಒಂದು ಪಾಲು. ದಿನವೆಲ್ಲ ತೊಗರಿ ದೂಳು ಕುಡಿಯುವ ನಾನು ಮರುದಿನದಿಂದ ಮೂಗಿಗೆ ಕರವಸ್ತ್ರ ಕಟ್ಟಿಕೊಂಡೆ.

ಇನ್ನು ಬೈಗುಳ. ಕೊಟ್ಟ ಜೆರಾಕ್ಸ್ ಹಾಳೆಯಲ್ಲಿ ‘ಸಬ್‌ಅಟಾಮಿಕ್ ಪಾರ್ಟಿಕಲ್’ ಎದುರು ‘ಅತಿ ಸಣ್ಣ ದೂಳು’ ಎಂದಿತ್ತು. ಪಿಯುಸಿ ಸೈನ್ಸ್ ಓದುವ ನನ್ನ ಮಗಳು ನೋಡಿ ಹೌಹಾರಿದಳು. ಎಲೆಕ್ಟ್ರಾನ್, ಪ್ರೋಟಾನ್, ನ್ಯೂಟ್ರಾನ್‌ಗೆ ಹಾಗೆನ್ನುತ್ತಾರೆ, ಅವು ಪರಮಾಣುವಿಗಿಂತ ಸಣ್ಣವು, ಒಂದು ದೂಳಿನ ಕಣದಲ್ಲಿ ಲೆಕ್ಕವಿಲ್ಲದಷ್ಟು ಪರಮಾಣು ಇರುತ್ತವೆ ಅಂದಳು. ಮೇಡಂಗೆ ಹೇಳಿದರೆ, ಹಾಳೆ ಮಾಡಿದ್ದು ಆಫೀಸಿನವರು ಅಂದರು. ಆಫೀಸಿನವರು ನಕ್ಕು ಸುಮ್ಮನಾದರು. ಮುಂದಿನ ಬ್ಯಾಚಿಗೂ ಅದೇ ಹಾಳೆ ಕೊಟ್ಟಿದ್ದಾರೆ. ಇದು ನನಗೆ ಸರಿ ಬರಲಿಲ್ಲ. ಉದಾಹರಣೆಗಳಲ್ಲಿ ಹಿಮವೇ ಹಿಮ, ‘ಸ್ನೋಫ್ಲೇಕ್’ ಆರು ಸಲ. ಮೇ ತಿಂಗಳ ಕಲಬುರಗಿಯಲ್ಲಿ ಕೂತು, ಒಂದೇ ಫ್ಯಾನಿನ ಕೆಳಗೆ ಇಪ್ಪತ್ತು ಜನ ಅದನ್ನು ಓದಿದೆವು.

ಮೇಡಂಗೆ ಐದಕ್ಕೆ ನಾಲ್ಕೂವರೆ, ಹಾಳೆಗೆ ಒಂದು. ಹೋಗುವವರು ಹಾಳೆ ಮಡಚಿಟ್ಟು ಮೇಜಿನ ಹತ್ತಿರದ ಬೆಂಚು ಹಿಡಿಯಿರಿ. ಮುಂದಿನ ತಿಂಗಳು ನೀರು, ಎಣ್ಣೆ, ಹನಿ, ತೊಟ್ಟು ಇವುಗಳ ಪಾಠವಂತೆ. ಫೀಸು ಕಟ್ಟಿಬಂದಿದ್ದೇನೆ, ಮನೆಯಲ್ಲಿ ಇನ್ನೂ ಹೇಳಿಲ್ಲ.