ಕರೆಂಟು ಹೋದ ಮೇಲಿನ ಲ್ಯಾಪ್‌ಟಾಪ್: ಮೂರು ಮಳೆಗಾಲದ ಬಳಕೆಯ ನಂತರ

ಈ ಲ್ಯಾಪ್‌ಟಾಪ್ ಕೊಂಡಿದ್ದು 2023ರ ಫೆಬ್ರವರಿಯಲ್ಲಿ, ಅರೇಬಿಕಾ ಕಾಫಿ ಮಾರಿದ ದುಡ್ಡು ಕೈಗೆ ಬಂದ ವಾರ. ಹಗಲು ತೋಟದ ಲೆಕ್ಕ, ಆಳುಗಳ ಬಟವಾಡೆ. ರಾತ್ರಿ ಊಟವಾದ ಮೇಲೆ ಮೈಸೂರಿನಲ್ಲಿ ಓದುವ ತಮ್ಮನ ಜೊತೆ ಡೋಟಾ 2, ಐದೈದು ಜನರ ಎರಡು ತಂಡ ಆನ್‌ಲೈನ್‌ನಲ್ಲಿ ಹೊಡೆದಾಡುವ ಆಟ. ಕೊಂಡಿದ್ದು ಆಟಕ್ಕಾಗಿಯೇ, ಲೆಕ್ಕಕ್ಕೆ ಹಳೆಯ ಯಂತ್ರವೇ ಸಾಕಿತ್ತು. ಊರು ಬಿಟ್ಟು ಹೋದ ತಮ್ಮ ಫೋನಿನಲ್ಲಿ ಎರಡು ಮಾತು ಆಡುವುದಿಲ್ಲ, ಆಟದಲ್ಲಿ ಕೂತರೆ ಒಂದು ಗಂಟೆ ಮಾತನಾಡುತ್ತಾನೆ.

ಅದೇ ಹಣಕ್ಕೆ ಇದಕ್ಕಿಂತ ಬಲವಾದ ಡೆಸ್ಕ್‌ಟಾಪ್ ಬರುತ್ತಿತ್ತು. ಆದರೆ ನಮ್ಮದು ಕೊಡಗಿನ ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆಗೆ ಹೋಗುವ ದಾರಿಯ ಹಳ್ಳಿ. ಜೂನ್ ಹಿಡಿಯಿತೆಂದರೆ ತಂತಿಯ ಮೇಲೆ ಮರ ಬೀಳುವುದು ಮಾಮೂಲು. ಲೈನ್‌ಮನ್‌ಗಳು ಸುರಿಯುವ ಮಳೆಯಲ್ಲೇ ಕಂಬ ಹತ್ತಿದರೂ ಒಮ್ಮೊಮ್ಮೆ ಎರಡು ದಿನ ಕರೆಂಟು ಇರುವುದಿಲ್ಲ. "ಬ್ಯಾಟರಿ ಇದೆಯಲ್ಲ ಮೇಡಂ, ಕರೆಂಟು ಹೋದರೂ ಆಟ ನಿಲ್ಲುವುದಿಲ್ಲ" ಎಂದರು ಅಂಗಡಿಯವರು. ಆ ಮಾತು ನಂಬಿ 62,000 ರೂಪಾಯಿ ಎಣಿಸಿದೆ.

ಮೇ ಕೊನೆಯವರೆಗೆ ಯಾವ ದೂರೂ ಇರಲಿಲ್ಲ. ಜೂನ್‌ನಲ್ಲಿ ಒಂದು ರಾತ್ರಿ, ಆಟದೊಳಗಿನ ದೈತ್ಯ ರೋಶನ್‌ನ ಗುಹೆಯ ಮುಂದೆ ಹತ್ತೂ ಜನ ಸೇರಿದ್ದೆವು. ಪರದೆಯ ಮೂಲೆಯಲ್ಲಿ ಫ್ರೇಮ್ ಸಂಖ್ಯೆ, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ, 110ರ ಆಸುಪಾಸಿನಲ್ಲಿತ್ತು. ಕರೆಂಟು ಹೋದ ಮರುಕ್ಷಣ ಅದು 30ಕ್ಕೆ ಬಿತ್ತು. ಆಟದಲ್ಲಿ ನಾನು ಆಡಿಸುವ ಸ್ನೈಪರ್ ಎಂಬ ಪಾತ್ರ ಕೆಸರಿನಲ್ಲಿ ಕಾಲು ಹೂತವನಂತೆ ಎಳೆದೆಳೆದು ನಡೆಯತೊಡಗಿದ. ಬೆನ್ನಿಗೇ ರೂಟರ್ ಕೂಡ ಆರಿಹೋಯಿತು. ಡೋಟಾದಲ್ಲಿ ಸಂಪರ್ಕ ಕಡಿದು 5 ನಿಮಿಷ ದಾಟಿದರೆ ಪಂದ್ಯವನ್ನು ನಡುವೆಯೇ ಬಿಟ್ಟು ಹೋದವರ ಲೆಕ್ಕಕ್ಕೆ ಸೇರಿಸುತ್ತಾರೆ. ಅದೇ ತಪ್ಪು ಮರುಕಳಿಸಿದರೆ ದಂಡವಾಗಿ ಬೇರೆಯೇ ಸಾಲಿನಲ್ಲಿ ಆಡಿ ಗೆದ್ದು ಹೊರಬರಬೇಕು. ಆ ಮಳೆಗಾಲದಲ್ಲಿ ನಾನು ಎರಡು ಸಲ ಆ ಸಾಲಿನಲ್ಲಿ ನಿಂತೆ.

ಸಿಟ್ಟು ಬಂದಿದ್ದು ಮಳೆಯ ಮೇಲಲ್ಲ. ಚಾರ್ಜರ್ 180 ವ್ಯಾಟ್‌ನದು. ಪೂರ್ತಿ ಬಲದಲ್ಲಿ ಓಡುವ ಯಂತ್ರಕ್ಕೆ ಬೇಕಾದ ಅಷ್ಟು ವಿದ್ಯುತ್ತನ್ನು ಒಳಗಿನ ಬ್ಯಾಟರಿ ಒಮ್ಮೆಲೇ ಕೊಡಲಾರದು. ಹಾಗಾಗಿ ಪ್ಲಗ್ ಕಿತ್ತ ಕೂಡಲೇ ಗ್ರಾಫಿಕ್ಸ್ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್‌ಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ. ಇದನ್ನು ಕೊಳ್ಳುವ ಮೊದಲು ಯಾರೂ ಹೇಳುವುದಿಲ್ಲ, ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಚಿಪ್‌ನ ಹೆಸರನ್ನು ಮಾತ್ರ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ನನ್ನದರಲ್ಲಿರುವ ಆರ್‌ಟಿಎಕ್ಸ್ 3050 ಒಂದು ಲ್ಯಾಪ್‌ಟಾಪ್‌ನಲ್ಲಿ 35 ವ್ಯಾಟ್‌ನಲ್ಲೂ ಇನ್ನೊಂದರಲ್ಲಿ 80 ವ್ಯಾಟ್‌ನಲ್ಲೂ ಓಡಬಹುದು. ಹೆಸರು ಒಂದೇ, ಕೆಲಸದಲ್ಲಿ ಅಜಗಜಾಂತರ. ಆ ವರ್ಷವೇ ಇದನ್ನು ಬರೆದಿದ್ದರೆ ಯಾರೂ ಕೊಳ್ಳಬೇಡಿ ಎಂದೇ ಬರೆಯುತ್ತಿದ್ದೆ.

ಮರುವರ್ಷ ರಜೆಗೆ ಬಂದ ತಮ್ಮ ಗ್ರಾಫಿಕ್ಸ್ ತಂತ್ರಾಂಶದ ಒಳಗೆ ತಡಕಾಡುತ್ತಾ, "ಅಕ್ಕಾ, ಇಲ್ಲಿ ನೋಡು" ಎಂದು ಕರೆದ. ಬ್ಯಾಟರಿ ಬೂಸ್ಟ್ ಎಂಬ ಸೌಲಭ್ಯ ಚಾಲೂ ಇತ್ತು. ಬ್ಯಾಟರಿ ಉಳಿಸಲೆಂದು ಫ್ರೇಮ್‌ಗಳನ್ನು 30ಕ್ಕೆ ಕಟ್ಟಿಹಾಕಿದ್ದು ಅದು. 60ಕ್ಕೆ ಏರಿಸಿದೆವು. ಆಟದಲ್ಲಿ ನೆರಳು, ನೀರಿನ ಹೊಳಪು ಎರಡನ್ನೂ ತೆಗೆದೆವು. ಅಂದಿನಿಂದ ಕರೆಂಟಿಲ್ಲದಾಗಲೂ 60ರ ಹತ್ತಿರವೇ ನಿಲ್ಲುತ್ತದೆ, ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಬಾಳುತ್ತದೆ. ಒಂದು ಪಂದ್ಯಕ್ಕೆ ನನಗೆ ಸಾಮಾನ್ಯವಾಗಿ 40 ನಿಮಿಷ ಬೇಕು. ದಿನಕ್ಕೆ ಒಂದೇ ಪಂದ್ಯ ಆಡುವವಳಿಗೆ ಇಷ್ಟು ಸಾಕು. ಮನೆಯ ಇನ್ವರ್ಟರ್ ದೀಪಗಳಿಗೇ ಮೀಸಲಾದ್ದರಿಂದ ರೂಟರ್‌ಗೆ 1,600 ರೂಪಾಯಿಯ ಪುಟ್ಟ ಯುಪಿಎಸ್ ತಂದೆವು. ದಂಡದ ಸಾಲನ್ನು ಆಮೇಲೆ ನೋಡಿಲ್ಲ.

ರ‍್ಯಾಮ್ ವಿಚಾರ ಚಿಕ್ಕದಾಗಿ ಹೇಳಿಬಿಡುತ್ತೇನೆ. 8 ಜಿಬಿಯ ಒಂದೇ ಪಟ್ಟಿ ಹಾಕಿ ಕೊಟ್ಟಿದ್ದರು. ಅಂಥದೇ ಇನ್ನೊಂದನ್ನು ಖಾಲಿ ಜಾಗಕ್ಕೆ ಹಾಕಿಸಿದೆ. ಹತ್ತು ಜನ ಒಟ್ಟಿಗೆ ಹೊಡೆದಾಡುವಾಗ ಆಗುತ್ತಿದ್ದ ತಡವರಿಕೆ ನಿಂತಿತು. ಈ ಆಟಕ್ಕೆ ದುಬಾರಿ ಗ್ರಾಫಿಕ್ಸ್‌ಗಿಂತ ಇದೇ ಮೊದಲು ಆಗಬೇಕಾದ ಖರ್ಚು.

ಇನ್ನು ತೇವ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ಮಾಸದಲ್ಲಿ ನಮ್ಮಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು ಎಲ್ಲದಕ್ಕೂ ಬೂಷ್ಟು ಬರುತ್ತದೆ. ಲ್ಯಾಪ್‌ಟಾಪ್ ಇಡುವ ತಗಡಿನ ಟ್ರಂಕಿನಲ್ಲಿ ನೀಲಿ ಸಿಲಿಕಾ ಹರಳುಗಳ ಎರಡು ಬಟ್ಟೆಚೀಲ ಇಟ್ಟಿದ್ದೇನೆ. ತೇವ ಕುಡಿದಂತೆಲ್ಲ ಹರಳು ನೀಲಿಯಿಂದ ನಸುಗೆಂಪಿಗೆ ತಿರುಗುತ್ತದೆ. ಎರಡು ದಿನಕ್ಕೊಮ್ಮೆ ಬೆಳಿಗ್ಗೆ ಬಚ್ಚಲೊಲೆಯ ಕೆಂಡ ತಗ್ಗಿದ ಮೇಲೆ ಹರಳುಗಳನ್ನು ಹಳೆಯ ಕಾವಲಿಗೆ ಸುರಿದು ಮೇಲಿಡುತ್ತೇನೆ. ಅಡುಗೆಗೆ ಆ ಕಾವಲಿಯನ್ನು ಮತ್ತೆ ಮುಟ್ಟುವಂತಿಲ್ಲ. ಕಡ್ಡಿಯಿಂದ ಕೆದಕುತ್ತಾ ಕೂತರೆ ಮೊದಲು ಅಂಚಿನ ಹರಳು, ಆಮೇಲೆ ನಡುವಿನವು ಒಂದೊಂದಾಗಿ ನೀಲಿಗೆ ಮರಳುತ್ತವೆ. ಹೊರಗೆ ಮಳೆ ಒಂದೇ ಸಮನೆ ಹೊಯ್ಯುವಾಗ ಇಷ್ಟು ನೆಮ್ಮದಿಯ ಕೆಲಸ ನನಗೆ ಇನ್ನೊಂದಿಲ್ಲ. ರಾತ್ರಿ ಕೀಲಿಗಳ ಸಾಲನ್ನು ಹತ್ತಿಬಟ್ಟೆಯಿಂದ ಒರೆಸುತ್ತೇನೆ. ಆಟವಿಲ್ಲದ ದಿನವೂ ಅರ್ಧ ಗಂಟೆ ಚಾಲೂ ಇಡುತ್ತೇನೆ. ಒಳಗಿನ ಬಿಸಿಗೆ ಪಸೆ ಆರುತ್ತದೆ. ಮೂರು ಮಳೆಗಾಲ ಕಳೆದರೂ ಒಂದು ಕೀಲಿಯೂ ಕೈಕೊಟ್ಟಿಲ್ಲ.

ಕಳೆದ ತಿಂಗಳು ಚಿಕ್ಕಪ್ಪನ ಮಗಳು ಇಂಥದೇ ಒಂದನ್ನು ಕೊಳ್ಳಲು ಕುಶಾಲನಗರಕ್ಕೆ ನನ್ನನ್ನೂ ಕರೆದೊಯ್ದಳು. ಅಂಗಡಿಯಲ್ಲೇ ಡೋಟಾ ಹಾಕಿಸಿ, ಫ್ರೇಮ್ ಸಂಖ್ಯೆ ಕಾಣುವಂತೆ ಮಾಡಿಸಿ, ಪಂದ್ಯ ಕಾವೇರಿದಾಗ ಗೋಡೆಯ ಪ್ಲಗ್ ಕಿತ್ತೆ. ಮೊದಲನೆಯದು 28ಕ್ಕೆ ಇಳಿಯಿತು. ಎರಡನೆಯದು 57ರಲ್ಲಿ ನಿಂತಿತು. ಚಿಪ್ ಎರಡರಲ್ಲೂ ಒಂದೇ, ಎರಡನೆಯದರ ಬೆಲೆ 4,000 ರೂಪಾಯಿ ಕಡಿಮೆ. ಅವಳು ಎರಡನೆಯದನ್ನೇ ಕಟ್ಟಿಸಿಕೊಂಡಳು.